ಅವತ್ತು ನೀನು ಬೈಯಲೇ ಇಲ್ಲ

"ಇಲ್ಲಿಗೆ ಬರೋಕೆ ಯಾರು ಹೇಳಿದ್ರು ನಿಮಗೆ?"

ದ್ರಾಕ್ಷಿ ಚಪ್ಪರದ ಕೆಳಗಿನಿಂದ ಬಂದ ಆ ದನಿ ಕೇಳಿ ಹರಿತಾ ನಿಂತಲ್ಲೇ ನಿಂತಳು. ದನಿ ಚೈತನ್ಯನದೇ. ಆದರೆ... 'ನಿಮಗೆ'?! ನೇಪಾಳದಲ್ಲಿ ದಿನಕ್ಕೆ ನೂರು ಸಲ 'ಲೇ ಹರಿತಾ' ಎನ್ನುತ್ತಿದ್ದವನ ಬಾಯಲ್ಲಿ ಇವತ್ತು ಈ ಮರ್ಯಾದೆ!

ಅವಳು ಬರುವುದನ್ನು ದೂರದಿಂದಲೇ ಕಂಡಿದ್ದವನು ಈಗ ತಿರುಗಿಯೂ ನೋಡಲಿಲ್ಲ. ಉಳಿದವು ದಪ್ಪಗಾಗಲೆಂದು ಗೊಂಚಲಿನಲ್ಲಿ ಒತ್ತೊತ್ತಾಗಿ ಬೆಳೆದ ಕಾಯಿಗಳನ್ನು ಕತ್ತರಿಯಿಂದ ಬಿಡಿಸಿ ಉದುರಿಸುತ್ತಲೇ ಇದ್ದ. ಗಡ್ಡ ಬೆಳೆದಿತ್ತು, ಅಂಗಿ ಮೈಮೇಲೆ ಜೋತುಬಿದ್ದಿತ್ತು. ಅಯ್ಯೋ, ಎಷ್ಟು ಇಳಿದುಹೋಗಿದ್ದಾನೆ...

ಕಳೆದ ವರ್ಷ ಇಬ್ಬರೂ ಒಂದೇ ತಂಡದಲ್ಲಿ ನೇಪಾಳಕ್ಕೆ ಹೋಗಿದ್ದರು. ಇಬ್ಬರೂ ಮನಸ್ಸಿನ ನೋವಿಗೆ ಆಪ್ತಸಲಹೆ ಕೊಡುವವರು. ಭೂಕಂಪದಲ್ಲಿ ಮನೆ ಮಕ್ಕಳನ್ನು ಕಳೆದುಕೊಂಡವರಿಗೆ ಆಸರೆಯಾಗುವುದು ಹೇಗೆ ಎಂದು ಅಲ್ಲಿನ ಹುಡುಗಿಯರಿಗೆ ತರಬೇತಿ ಕೊಡುವ ಕೆಲಸ. ಸಂಬಳವಿಲ್ಲ, ಊಟ ವಸತಿ ಮಾತ್ರ. ಇವಳದು ಜಂಗಮಕೋಟೆ, ಅವನದು ಮಂಡಿಕಲ್. ಪಕ್ಕದ ತಾಲ್ಲೂಕಿನವರು ಸಿಕ್ಕಿದ್ದು ಹಿಮಾಲಯದ ತಪ್ಪಲಿನಲ್ಲಿ! ಅಲ್ಲಿನ ಚಳಿಗೆ ಹಲ್ಲು ಕಟಕಟ ಎನ್ನುವಾಗ ಇಬ್ಬರೂ ಬಿಸಿ ಮುದ್ದೆ ಬಸ್ಸಾರಿನ ಮಾತಾಡಿಯೇ ಹತ್ತಿರವಾದರು.

ಆಮೇಲೆ ಸಬಿನಾ ಸತ್ತಳು.

ಸಬಿನಾ ಅವರ ಕೈಕೆಳಗೆ ಕಲಿಯುತ್ತಿದ್ದ ಹುಡುಗಿ. ಬೆಟ್ಟದ ಮೇಲಿನ ಹಳ್ಳಿಗೆ ಹೋಗುತ್ತಿದ್ದಾಗ ರಸ್ತೆ ಕುಸಿದು ಅವಳಿದ್ದ ಜೀಪು ಕಮರಿಗೆ ಉರುಳಿತು. ಮಾರನೆಯ ವಾರ ಚೈತನ್ಯ ಒಂದು ಮಾತೂ ಹೇಳದೆ ಊರಿಗೆ ಹೊರಟುಹೋದ. ಫೋನ್ ಎತ್ತಲಿಲ್ಲ. ಹರಿತಾ ಒಬ್ಬಳೇ ತರಬೇತಿ ಮುಗಿಸಿ ಬಂದಳು.

ಸೋಮವಾರ ಅವಳು ಮತ್ತೆ ನೇಪಾಳಕ್ಕೆ ಹೊರಡಬೇಕು. ಅಷ್ಟರೊಳಗೆ ಒಂದೇ ಒಂದು ವಿಷಯ ತಿಳಿಯಬೇಕಿತ್ತು. ಇವನಿಗೆ ನಾನು ಬೇಕೋ, ಬೇಡವೋ? ಬೇಡವೆಂದರೆ ಅದನ್ನಾದರೂ ಬಾಯಿಬಿಟ್ಟು ಹೇಳಲಿ!

ಆದರೆ ಬಾಯಿ ತೆರೆದಾಗ ಬಂದಿದ್ದೇನು? ತರಬೇತಿಯಲ್ಲಿ ಹೇಳಿಕೊಡುವ ಅದೇ ಹಾಳು ಪಾಠ!

"ಚೈತನ್ಯ... ಹೇಳ್ಕೋಬೇಕು ಅನ್ಸಿದ್ರೆ ಹೇಳ್ಬೋದು. ಬಲವಂತ ಇಲ್ಲ. ನಾನು ಕೇಳಿಸ್ಕೊತೀನಿ."

ಕತ್ತರಿ ನಿಂತಿತು.

"ಓಹೋ! ಕೇಸ್ ನೋಡೋಕೆ ಬಂದ್ರಾ ಮೇಡಂ? ಫೀಸ್ ಎಷ್ಟು?"

"ಹಂಗಲ್ಲ ಕಣೋ..."

"ಹೋಗ್ಬಿಡಿ. ನಿಮ್ಮ ಮುಖ ನೋಡಿದ್ರೆ ನಂಗೆ ಅವತ್ತಿನ ದಿನ ನೆನಪಾಗುತ್ತೆ."

ಇನ್ನೇನು ಉಳಿಯಿತು? ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹರಿತಾ ತೋಟದಿಂದ ಹೊರಬಂದಳು. ಮನೆ ಮುಂದೆ ಅವನ ತಾಯಿ ಲಕ್ಷ್ಮಿದೇವಮ್ಮ ಅಡ್ಡ ನಿಂತರು.

"ಏಮ್ಮಾ, ನೀನೇ ಅಲ್ವಾ ಆ ನೇಪಾಳದ ಹುಡುಗಿ? ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನನ್ ಮಗ ನಿಂಗೇನ್ ದ್ರೋಹ ಮಾಡಿದ್ನಮ್ಮಾ?"

"ದ್ರೋಹಾನಾ? ಏನೂ ಇಲ್ವಲ್ಲಮ್ಮ!"

"ಮತ್ತೆ ಆ ಹುಡುಗಿ ಸತ್ತ ದಿನ ಯಾಕ್ ಹಂಗ್ ಕೂತಿದ್ದೆ? ಜ್ವರ ಬಂದಾಗೆಲ್ಲ ಅದನ್ನೇ ಬಡಬಡಿಸ್ತಾನೆ. 'ಎದುರುಗಡೆ ಕುರ್ಚೀಲಿ ಕೂತ್ಲಮ್ಮ. ಅಳ್ಲಿಲ್ಲ, ಬೈಲಿಲ್ಲ, ಹತ್ರ ಬರ್ಲಿಲ್ಲ. ಕೊಲೆಗಾರನ್ನ ನೋಡ್ದಂಗೆ ಸುಮ್ನೆ ನೋಡ್ತಾ ಇದ್ಲು' ಅಂತ. ಕೈ ಹಿಡ್ಕೊಂಡು ಅಯ್ಯೋ ಪಾಪ ಅನ್ನೋಕೂ ಆಗ್ಲಿಲ್ವಾ ನಿಂಗೆ?"

ಹರಿತಾಳಿಗೆ ಆ ದಿನದ್ದೆಲ್ಲ ಈಗ ಅರ್ಥವಾಯಿತು.

ನೊಂದವರನ್ನು ಕೇಳದೆ ಮುಟ್ಟಬಾರದು. ಅವರು ಬಾಯಿಬಿಡುವವರೆಗೆ ಕಾಯಬೇಕು. ನಮ್ಮ ಅಳುವನ್ನು ಅವರ ತಲೆಗೆ ಕಟ್ಟಬಾರದು. ಇದು ಅವಳು ಊರೂರಿನವರಿಗೆ ಕಲಿಸಿದ ಪಾಠ. ಅವತ್ತೂ ಅದನ್ನೇ ಪಾಲಿಸಿದ್ದಳು! ಅವನನ್ನು ಬಾಚಿ ತಬ್ಬಿಕೊಳ್ಳಬೇಕೆಂದು ಹಾತೊರೆಯುತ್ತಿದ್ದ ಕೈಗಳನ್ನು ತೊಡೆ ಕೆಳಗೆ ಒತ್ತಿಟ್ಟುಕೊಂಡು ಎದುರಿಗೆ ಕೂತಿದ್ದಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ! ಅವನೂ ಅದೇ ಪಾಠ ಹೇಳುವವನು, ನಿಜ. ಆದರೆ ಎದೆ ಒಡೆದಿರುವಾಗ ಯಾವನಿಗೆ ಪಾಠ ನೆನಪಿರುತ್ತದೆ, ಹೇಳಿ?

ಅವಳು ಓಡಿದಳು. ಚಪ್ಪರದ ಕೆಳಗೆ ತಲೆ ತಗ್ಗಿಸಲೂ ಮರೆತು ತಂತಿಗೆ ಹಣೆ ತಗುಲಿಸಿಕೊಂಡಳು.

"ಲೋ ಪೆದ್ದ! ನಾನು ನಿನ್ನ ಕೊಲೆಗಾರನ್ನ ನೋಡ್ದಂಗೆ ನೋಡಿದ್ನೇನೋ? ತಬ್ಕೊಂಡ್ರೆ ನಿಂಗೆ ಇನ್ನೂ ನೋವಾಗುತ್ತೇನೋ ಅಂತ ಹೆದರಿ ಸತ್ತಿದ್ದೆ ಕಣೋ ನಾನು! ರೂಮಿಗೆ ಹೋಗಿ ದಿಂಬು ಕಚ್ಕೊಂಡು ಅತ್ತಿದ್ದೀನಿ. ಪಾಠವಂತೆ, ಪಾಠ... ಅದಕ್ಕೆ ಬೆಂಕಿ ಹಾಕ!"

ಕತ್ತರಿ ಕಸಿದು ಎಸೆದು, ಅವನ ಎರಡೂ ಕೈ ಹಿಡಿದು ಹೋ ಎಂದು ಅತ್ತಳು.

ಚೈತನ್ಯ ಬೆಪ್ಪಾಗಿ ನಿಂತ. ಆಮೇಲೆ ಕೈ ಬಿಡಿಸಿಕೊಂಡುಬಿಟ್ಟ.

"ನಿಂಗೆ ಪೂರ್ತಿ ಗೊತ್ತಿಲ್ಲ ಹರಿತಾ. ಅವತ್ತು ಆ ಹಳ್ಳಿಗೆ ಹೋಗ್ಬೇಕಾಗಿದ್ದು ಸಬಿನಾ ಅಲ್ಲ. ನಾನು."

"ಏನು?!"

"ಹೊಟ್ಟೆ ನೋವು ಅಂತ ಸುಳ್ಳು ಹೇಳಿ ಅವಳನ್ನ ಕಳಿಸ್ದೆ. ಯಾಕೆ ಗೊತ್ತಾ? ಅವತ್ತು ನಿಂಗೆ ರಜಾ ಇತ್ತು. ನಿನ್ ಹತ್ರ ಒಂದ್ ಮಾತ್ ಹೇಳ್ಬೇಕಿತ್ತು..." ಅವನು ಮುಖ ಆ ಕಡೆ ತಿರುಗಿಸಿದ. "ಆ ಮಾತಿಗೋಸ್ಕರ ಒಂದು ಹುಡುಗಿ ಸತ್ತೋದ್ಲು. ಈಗ ಹೇಳು, ಯಾವ ಬಾಯಲ್ಲಿ ಅದನ್ನ ಹೇಳ್ಲಿ?"

ಹರಿತಾ ಮಣ್ಣಿನ ಮೇಲೇ ಕೂತಳು.

ನಿನ್ನ ತಪ್ಪಿಲ್ಲ ಎನ್ನಬಹುದಿತ್ತು. ರಸ್ತೆ ಕುಸಿದದ್ದಕ್ಕೆ ನೀನೇನು ಮಾಡುತ್ತೀಯ ಎನ್ನಬಹುದಿತ್ತು. ಎಷ್ಟು ಜನಕ್ಕೆ ಹೇಳಿಲ್ಲ ಅವಳು! ಆದರೆ ಆ ಮಾತು ಇವನ ಒಳಗೆ ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಈ ಗಾಯ ಮಾಯುವಂಥದ್ದಲ್ಲ. ಇವನು ಹಳೆಯ ಚೈತನ್ಯ ಆಗುವುದಿಲ್ಲ, ಬಹುಶಃ ಯಾವತ್ತೂ ಆಗುವುದಿಲ್ಲ. ಅದು ತಿಳಿದು ಅವಳ ಎದೆ ಬರಿದಾಯಿತು.

"ಹೇಳು," ಎಂದಳು ಕೊನೆಗೆ.

"ಬೇಡ ಹರಿತಾ. ಹೇಳಿದ್ರೆ ಅವಳು ನೆನಪಾಗ್ತಾಳೆ."

"ಆಗ್ಲಿ. ಹೇಳದೇ ಇದ್ರೆ ನೆನಪಾಗಲ್ವಾ?"

ಅವನೂ ಅವಳ ಪಕ್ಕ ಮಣ್ಣಿನ ಮೇಲೆ ಕೂತ. ಮೊಣಕಾಲಿಗೆ ಮುಖ ಒತ್ತಿ ಬಹಳ ಹೊತ್ತು ಬಿಕ್ಕಿದ. ಹರಿತಾ ಅವನ ಬೆನ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ.

"ನೀನಂದ್ರೆ ನಂಗೆ ಪ್ರಾಣ ಕಣೇ..." ಅವನ ದನಿ ಒಡೆದುಹೋಗಿತ್ತು. "ಅಷ್ಟೇ. ಅದನ್ನ ಹೇಳ್ಬೇಕಿತ್ತು."

ಕೇಳಲೆಂದು ಎಷ್ಟೋ ದಿನ ಕಾದಿದ್ದ ಮಾತು! ಕೇಳಿದಾಗ ಸಂತೋಷ ಬರಲಿಲ್ಲ. ಇಬ್ಬರೂ ಸುಮ್ಮನೆ ಅಳುತ್ತಾ ಕೂತರು.

"ಸೋಮವಾರ ಹೋಗ್ತೀಯಂತೆ? ನಿನ್ ಮೆಸೇಜ್ ಓದ್ದೆ."

"ಹೂಂ. ಅಲ್ಲಿ ಹುಡುಗೀರು ಕಾಯ್ತಿದ್ದಾರೆ. ನೀನೂ ಬರ್ತೀಯಾ?"

"ಆ ದಾರಿ ನನ್ ಕೈಲಿ ನೋಡೋಕಾಗಲ್ಲ."

"ಸರಿ."

"ನಂಗೆ ವಾಸಿ ಆಗಲ್ಲ ಹರಿತಾ. ಸುಳ್ಳು ಹೇಳಲ್ಲ ನಿಂಗೆ. ನೀನು ವಾಪಸ್ ಬಂದಾಗ್ಲೂ ನಾನು ಹಿಂಗೇ ಇದ್ರೆ?"

ಅವಳು ತನ್ನ ಸೆರಗಿನಿಂದ ಅವನ ಗಡ್ಡಕ್ಕೆ ಇಳಿದಿದ್ದ ನೀರು ಒರೆಸಿದಳು.

"ಹಿಂಗೇ ಇರು. ನಾನು ಬರೋದು ನಿನ್ ಹತ್ರಾನೇ ಕಣೋ."