ಪಾಸ್‌ವರ್ಡ್ ನೋಡದವನು

"ನನ್ನ ಪುಟಕ್ಕೆ ಕೈ ಹಾಕಿದ್ದು ನೀವೇ ಅಂತ ನನಗೆ ಗೊತ್ತು."

ಮೇಲುಕೋಟೆ ಬಸ್ಸಿಳಿದು ನೆಟ್ಟಗೆ ಪಾಂಡವಪುರದ ಕಂಪ್ಯೂಟರ್ ಸೆಂಟರ್‌ಗೆ ನುಗ್ಗಿದ ಪ್ರಜ್ಞ, ಚಪ್ಪಲಿ ಬಿಡುವ ಮೊದಲೇ ಈ ಮಾತು ಅಂದುಬಿಟ್ಟಳು. ಸೆಂಟರ್ ನಡೆಸುತ್ತಿದ್ದ ಸಂತೋಷ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಕೂತ್ಕೊಳ್ಳಿ ಮೇಡಂ. ಏನಾಯ್ತು ಹೇಳಿ."

"ಕೂರೋಕೆ ಬಂದಿಲ್ಲ," ಎಂದವಳು ಕೂತಳು. ಸಿಟ್ಟಿಗೂ ಒಂದು ಕುರ್ಚಿ ಬೇಕಾಗುತ್ತದೆ.

ಅದು ತೊಂಬತ್ತೊಂಬತ್ತನೇ ಇಸವಿ. ಮೇಲುಕೋಟೆಯ ಶಾಲೆಯಲ್ಲಿ ಟೀಚರ್ ಆಗಿದ್ದ ಪ್ರಜ್ಞ ಒಂದು ವರ್ಷದಿಂದ ಇಂಟರ್‌ನೆಟ್ಟಿನಲ್ಲಿ ಒಂದು ದಿನಚರಿ ಪುಟ ನಡೆಸುತ್ತಿದ್ದಳು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಕೊಳದಲ್ಲಿ ನೀರು ಎಷ್ಟು ಮೆಟ್ಟಿಲು ಏರಿದೆ, ಯಾವ ಮಗ್ಗದ ಮೇಲೆ ಯಾವ ಅಂಚಿನ ಪಂಚೆ ಇದೆ, ಮಂಚಮ್ಮನ ಮೇಕೆ ಯಾರ ಮನೆಯ ತುಳಸಿ ತಿಂದಿತು, ಎಲ್ಲವನ್ನೂ ಬರೆಯುತ್ತಿದ್ದಳು. ವಾರಕ್ಕೆರಡು ಸಲ ಇಲ್ಲಿಗೆ ಬಂದು ಹಾಕುತ್ತಿದ್ದಳು. ಪುಣೆ, ದಿಲ್ಲಿ, ಮದರಾಸು ಸೇರಿದ್ದ ಊರಿನವರು ಇನ್ನೂರ ಹನ್ನೆರಡು ಜನ ಅದನ್ನು ಓದುತ್ತಿದ್ದರು. ಆ ಸಂಖ್ಯೆ ಹೇಳುವಾಗ ಅವಳ ಕತ್ತು ತಾನಾಗಿ ನೆಟ್ಟಗಾಗುತ್ತಿತ್ತು.

ನಿನ್ನೆ ದಿಲ್ಲಿಯಿಂದ ನೆಂಟರೊಬ್ಬರು ಫೋನ್ ಮಾಡಿದ್ದರು. ಪುಟದಲ್ಲಿ ಕೊಳವೂ ಇಲ್ಲ, ಮಗ್ಗವೂ ಇಲ್ಲ; ಬೊಜ್ಜು ಕರಗಿಸುವ ಮಾತ್ರೆಯ ಜಾಹೀರಾತು, ಅರೆಬೆತ್ತಲೆ ಹೆಂಗಸಿನ ಚಿತ್ರದ ಸಮೇತ. ದೇವಸ್ಥಾನದ ಕೈಂಕರ್ಯದಲ್ಲಿದ್ದ ಅಪ್ಪ ಜಯರಾಮಯ್ಯ ಕೂಗಾಡಲಿಲ್ಲ. "ನಾಳೆ ಸಂಜೆಯೊಳಗೆ ಸರಿಹೋದರೆ ಸರಿ. ಇಲ್ಲದಿದ್ದರೆ ಮುಚ್ಚಿಬಿಡು," ಎಂದಷ್ಟೇ ಹೇಳಿದರು. ಕೂಗಾಡಿದ್ದರೆ ವಾಸಿಯಿತ್ತು ಅನ್ನಿಸಿತು ಪ್ರಜ್ಞಳಿಗೆ.

"ಪಾಸ್‌ವರ್ಡ್ ನನಗೆ ಬಿಟ್ಟು ಯಾರಿಗೂ ಗೊತ್ತಿಲ್ಲ," ಅಂದಳು. "ಪಕ್ಕದಲ್ಲಿ ಇರ್ತಿದ್ದವರು ನೀವೊಬ್ಬರೇ."

"ಇನ್ನೆಲ್ಲೂ ಬರ್ದಿಲ್ವ? ಯಾವ್ದಾದ್ರೂ ಫಾರಂನಾಗೆ?"

"ಇಲ್ಲ" ಅನ್ನಲು ಬಾಯಿ ತೆರೆದ ಪ್ರಜ್ಞ ಅರ್ಧಕ್ಕೇ ತಡೆದಳು. ಹೋದ ವಾರ ಮೈಸೂರಿಗೆ ಹೋಗಿದ್ದಾಗ ಅಲ್ಲಿನ ಒಂದು ಅಂಗಡಿಯಲ್ಲಿ ಕೂತು, ಹೊಸದಾಗಿ ಬರೆದದ್ದನ್ನೆಲ್ಲ ಓದುಗರಿಗೆ ತಾನಾಗಿ ಇಮೇಲ್ ಮಾಡುವ ಒಂದು ಪುಕ್ಕಟೆ ಸೇವೆಗೆ ಸೇರಿದ್ದಳು. ಅದು ಪುಟದ ಹೆಸರು ಕೇಳಿತ್ತು, ಪಾಸ್‌ವರ್ಡ್ ಕೇಳಿತ್ತು. ಶಾಲೆಯ ಅರ್ಜಿ ತುಂಬುವಷ್ಟೇ ನಿಷ್ಠೆಯಿಂದ ಅವಳು ಒಂದು ಕಲಮೂ ಖಾಲಿ ಬಿಡದೆ ತುಂಬಿದ್ದಳು.

"ಫಾರಂ ಕೇಳಿತ್ತು," ಅಂದಳು ಸಣ್ಣ ದನಿಯಲ್ಲಿ.

ಸಂತೋಷ್ ನಗಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ನಾಚಿಕೆಯಾಯಿತು.

"ಕಾಗ್ದ ಹಂಚೋರಿಗೆ ಯಾರಾದ್ರೂ ಮನೆ ಬೀಗದ ಕೈ ಕೊಟ್ಟಾರ? ಓಗ್ಲಿ ಬುಡಿ. ನಾಕು ಗಂಟೆಗೆ ಕರೆಂಟ್ ಓಯ್ತದೆ, ಅಷ್ಟ್ರೊಳ್ಗೆ ಮಾಡ್ಬುಡನ. ಮೊದ್ಲು ಪಾಸ್‌ವರ್ಡ್ ಬದ್ಲಾಯ್ಸಿ."

ಮೋಡೆಮ್ ಕಿರುಚಿ, ಗೊರಗೊರ ಅಂದು, ಕೊನೆಗೂ ಲೈನ್ ಸಿಕ್ಕಿತು. ಸಂತೋಷ್ ತನ್ನ ಕುರ್ಚಿಯನ್ನು ಪೂರ್ತಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತ. ವರ್ಷವಿಡೀ ಅವನು ಹೀಗೇ ಮಾಡುತ್ತಿದ್ದ. ಎಷ್ಟು ಜಂಬ ಇವನಿಗೆ, ಎದುರಿಗೆ ಕೂತವರ ಮುಖ ನೋಡಿದರೆ ಏನು ಗಂಟು ಹೋಗುತ್ತದೆ ಎಂದು ಅವಳು ಬಸ್ಸಿನಲ್ಲಿ ಬೈದುಕೊಂಡಿದ್ದೂ ಉಂಟು. ಕೀಲಿಮಣೆಯ ಮೇಲಿದ್ದ ಬೆರಳು ನಿಂತಿತು.

"ಇದಕ್ಕಾ ನೀವು ಗೋಡೆ ನೋಡ್ತಿದ್ದದ್ದು?"

"ನಿಮ್ಮೂರಲ್ಲಿ ವೈರಮುಡಿ ಇಡೋರು ಕಣ್ಗೆ ಬಟ್ಟೆ ಕಟ್ಕೊಂಡೇ ಇಡ್ತಾರಂತಲ್ಲ. ಅಂಗೇ ಅನ್ಕಳ್ಳಿ."

"ಅದು ದೇವರ ಕಿರೀಟ."

"ಇದು ನಿಮ್ದು," ಅಂದ ಸಂತೋಷ್, ಗೋಡೆಗೇ.

ಅವನ ಕತ್ತಿನ ಹಿಂದೆ ಒಂದು ಸುಳಿಯಿತ್ತು. ಪ್ರಜ್ಞ ಅದನ್ನು ಬೇಕಾದ್ದಕ್ಕಿಂತ ಕೊಂಚ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಹೊಸ ಪಾಸ್‌ವರ್ಡ್ ಹೊಡೆದಳು.

"ಇನ್ನು ನೀವೇ ಮಾಡಿಕೊಡಿ. ನನಗೆ ಭಯ."

"ನಾ ಮುಟ್ಟಲ್ಲ. ಬ್ಲಾಗು ಅಂತಾರಂತೆ ಈಗ ಇದ್ಕೆ. ನಿಮ್ ಬ್ಲಾಗು, ನಿಮ್ ಕೈ. ನಾ ಏಳ್ತೀನಿ, ನೀವ್ ಮಾಡಿ."

ಅವನು ಹೇಳಿದ, ಅವಳು ಮಾಡಿದಳು. ಜಾಹೀರಾತು ಅಳಿಸಿದಳು. ಫ್ಲಾಪಿಯಲ್ಲಿದ್ದ ಹಳೆಯ ಬರಹಗಳನ್ನು ಒಂದೊಂದಾಗಿ ವಾಪಸ್ ಏರಿಸಿದಳು. ಇಮೇಲ್ ಕಳಿಸಲು ಬೇರೊಂದು ಸೇವೆ ಹುಡುಕಿದರು. ಪರದೆಯ ಮೂಲೆಯಲ್ಲಿ ಬೀಗದ ಚಿತ್ರ ಮುಚ್ಚಿದೆಯೇ ನೋಡದೆ ಒಂದಕ್ಷರವನ್ನೂ ತುಂಬಬಾರದು ಎಂದ. ಆ ಸೇವೆಗೆಂದೇ ಎರಡನೆಯ ಪಾಸ್‌ವರ್ಡ್ ಒಂದನ್ನು ಅವಳೇ ಹುಟ್ಟಿಸಿದಳು. ಅದರಿಂದ ತೆರೆಯುವುದು ಒಂದೇ ಫೋಲ್ಡರ್. ಅಲ್ಲಿರುವುದನ್ನು ಓದಬಹುದು, ಬರೆಯಲಾಗದು, ಅಳಿಸಲಾಗದು.

"ಜಗಲಿವರ್ಗೂ ಬರ್ಲಿ, ನಡುಮನೆಗೆ ಬ್ಯಾಡ," ಅಂದ ಸಂತೋಷ್. "ಸರಿ ಬರ್ನಿಲ್ಲ ಅಂದ್ರೆ ಈ ಕೀ ಒಂದ್ನೇ ಕಿತ್ತಾಕಿ. ಮನೆ ಬೀಗ ನಿಮ್ಮತ್ರನೇ ಇರ್ತದೆ."

ನಾಲ್ಕಕ್ಕೆ ಐದು ನಿಮಿಷ ಇರುವಾಗ ಪ್ರಜ್ಞ ಕೊನೆಯ ಬಟನ್ ಒತ್ತಿದಳು. ಇನ್ನೂರ ಹನ್ನೆರಡು ಕಾಗದಗಳು ಹೊರಟವು ಎಂದು ಪರದೆ ಹೇಳಿತು. ಅವಳ ಎದೆ ಹಿಗ್ಗಿತು. ಆ ಹಿಗ್ಗಿನಲ್ಲೇ ಅವನತ್ತ ತಿರುಗಿದಳು.

"ಕಳ್ಳ ಅಂದುಬಿಟ್ಟೆ ನಿಮ್ಮನ್ನ. ತಪ್ಪಾಯ್ತು."

"ಸಿಟ್ಟು ಬಂದ್ರೆ ನಿಮ್ ಮೂಗಿನ ತುದಿ ಕೆಂಪಗಾಯ್ತದೆ. ಅದ್ನ ನೋಡೋಕೆ ಇನ್ನೊಂದ್ಸಲ ಬೈಸ್ಕೊಂಡೇನು." ಆಮೇಲೆ ಅವನ ದನಿ ತಗ್ಗಿತು. "ಗೋಡೆ ನೋಡೋದು ಸುಲಭ ಇರ್ನಿಲ್ಲ ಪ್ರಜ್ಞ. ಒಂದೊರ್ಸದಿಂದ ನೋಡ್ಬೇಕು ಅನ್ಸ್ತಿದ್ದದ್ದು ಪಾಸ್‌ವರ್ಡ್ ಅಲ್ಲ."

ಮೇಡಂ ಹೋಗಿ ಪ್ರಜ್ಞ ಬಂದಿದ್ದು ಅವಳ ಕಿವಿಗೆ ತಪ್ಪಲಿಲ್ಲ.

ಕರೆಂಟ್ ಹೋಯಿತು. ಫ್ಯಾನ್ ನಿಧಾನವಾಗಿ ನಿಂತಿತು. ಇಬ್ಬರೂ ಏಳಲಿಲ್ಲ.

"ನಾನೂ ಬರೀ ಬರೆಯೋಕೆ ಅಂತಲೇ ವಾರಕ್ಕೆರಡು ಸಲ ಬಸ್ ಹತ್ತುತ್ತಿರಲಿಲ್ಲ," ಅಂದಳು ಪ್ರಜ್ಞ.

ಅವನು ನಕ್ಕ. ಬಸ್ಸಿಗೆ ಹೊರಟವಳ ಜೊತೆ ಬಾಗಿಲವರೆಗೂ ಬಂದವನು ಅಲ್ಲಿ ಸ್ವಲ್ಪ ಗಾಬರಿಯಾದ. "ನಾವು ಕ್ಯಾತನಹಳ್ಳಿ ಕಬ್ಬು ಬೆಳ್ಯೋರು. ನಿಮ್ದು ದೇವಸ್ಥಾನದ ಮನೆ. ನಮ್ ನರಸಯ್ಯ ಮಾವ ಮಾತಲ್ಲಿ ಬಲೇ ಉಸಾರಿ. ಎಣ್ ಕೇಳಕ್ಕೆ ನಿಮ್ಮಪ್ಪಾರ ಅತ್ರ ಕಳ್ಸ್ಲಾ?"

"ಬೇಡ. ಈ ಮಾತು ಮೂರನೆಯವರ ಕೈಗೆ ಕೊಡೋದಲ್ಲ. ನಾನೇ ಹೇಳ್ತೀನಿ."

ದೀಪ ಹಚ್ಚುವ ಹೊತ್ತಿಗೆ ಅವಳು ಮನೆ ಸೇರಿದಳು. ದಿಲ್ಲಿಯ ನೆಂಟರು ಆಗಲೇ ಫೋನ್ ಮಾಡಿ, ಕಾಗದ ಬಂತು, ಮಂಚಮ್ಮನ ಮೇಕೆಯೂ ಬಂತು ಎಂದು ನಕ್ಕಿದ್ದರಂತೆ. ಪ್ರಜ್ಞ ಕೈಕಾಲು ತೊಳೆದು ಅಪ್ಪನ ಎದುರಿಗೆ ಕೂತಳು.

"ಅಪ್ಪ, ಕ್ಯಾತನಹಳ್ಳಿ ಕೆಂಪಣ್ಣನವರ ಮಗ ಸಂತೋಷ್ ಅಂತ. ಪಾಂಡವಪುರದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದಾರೆ. ನಾನು ಮದುವೆಯಾಗೋದು ಅವರನ್ನೇ."



ಜಯರಾಮಯ್ಯ ತಲೆ ತಗ್ಗಿಸಿ ದೀಪದ ಬತ್ತಿ ಸರಿಮಾಡಿದರು. ಒಳಗೆ ಪಾತ್ರೆ ಸದ್ದು ನಿಂತಿತು.

"ನಿನ್ನ ಪುಟ ಸರಿ ಮಾಡಿಕೊಟ್ಟಿದ್ದು ಆ ಹುಡುಗನೇನು?"

"ಅಲ್ಲ," ಅಂದಳು ಪ್ರಜ್ಞ. "ಸರಿ ಮಾಡಿದ್ದು ನಾನು. ಅವರು ಮುಟ್ಟಲೇ ಇಲ್ಲ."

ಅಪ್ಪ ಮೊದಲ ಸಲ ತಲೆಯೆತ್ತಿ ಮಗಳನ್ನು ನೋಡಿದರು. "ಹಾಗಾದರೆ ಭಾನುವಾರ ಬರೋಕೆ ಹೇಳು," ಅಂದರು.