ಒಂಬತ್ತನೇ ನಿಯಮ

ಭಾಗ್ಯಜ್ಯೋತಿ ಶರಣಕುಮಾರನನ್ನು ಮೊದಲ ಸಲ ಸರಿಯಾಗಿ ನೋಡಿದ್ದು, ಅವನನ್ನು ಬೇಡ ಎನ್ನಲು ಎದ್ದು ನಿಂತಾಗ.

ಶಹಾಬಾದಿನ ಕಾಗಿಣಾ ಸೇವಾ ಕ್ಲಬ್ಬಿನಲ್ಲಿ ಅದೇ ಪದ್ಧತಿ. ಸದಸ್ಯನಾಗಲು ಬಂದವನನ್ನು ಎಲ್ಲರೆದುರು ಕೂರಿಸುತ್ತಾರೆ. ತಕರಾರಿದ್ದವರು ಎದ್ದು ನಿಂತು ಅವನ ಮುಖ ನೋಡಿಯೇ ಹೇಳಬೇಕು. ಬೆನ್ನ ಹಿಂದಿನ ಮಾತಿಗೆ ಅಲ್ಲಿ ಕಿಮ್ಮತ್ತಿಲ್ಲ. ಭಂಕೂರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಭಾಗ್ಯಜ್ಯೋತಿ ಆ ಕ್ಲಬ್ಬಿನ ಕಾರ್ಯದರ್ಶಿ. ಭಾನುವಾರ ಹತ್ತಕ್ಕೆಂದರೆ ಹತ್ತಕ್ಕೇ ಬರಬೇಕು, ಚೆಕ್ ಬರೆದು ಕೈ ತೊಳೆದುಕೊಳ್ಳುವಂತಿಲ್ಲ, ಕೊಟ್ಟ ವಸ್ತುವಿನ ಮೇಲೆ ಕೊಟ್ಟವರ ಹೆಸರು ಕೂಡದು. ಇಂಥ ನಿಯಮಗಳ ಬಗ್ಗೆ ಅವಳಿಗಿದ್ದ ಹೆಮ್ಮೆ ಬೇರೆಯವರಿಗೆ ತಮ್ಮ ಬಂಗಾರದ ಬಗ್ಗೆಯೂ ಇರಲಿಕ್ಕಿಲ್ಲ.

"ಚಿತ್ತಾಪುರ ಬಸ್ ಸ್ಟ್ಯಾಂಡಿಗೆ ಇವರು ಹತ್ತು ಕಲ್ಲಿನ ಬೆಂಚು ಕೊಟ್ಟಾರ," ಅಂದಳು. "ಹತ್ತಕ್ಕೂ ತಮ್ಮ ಫ್ಯಾಕ್ಟರಿ ಹೆಸರು, ಫೋನ್ ನಂಬರ್ ಕೆತ್ತಿಸ್ಯಾರ. ಇದಕ್ಕ ಸೇವಾ ಅನ್ನಂಗಿಲ್ಲರಿ."

ಶರಣಕುಮಾರನಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿ ಇತ್ತು. ಊರಲ್ಲಿ ನಾಲ್ಕು ಜನ ನಮಸ್ಕಾರ ಹೇಳುವ ಮನುಷ್ಯ. ಅವನ ಕಿವಿ ತುದಿ ಕೆಂಪಾದದ್ದನ್ನು ಅವಳು ಕಂಡಳು. ಅವನು ವಾದ ಮಾಡಲಿಲ್ಲ, ಎದ್ದು ಕೈಮುಗಿದು ಹೊರಟುಹೋದ. ವಾದ ಮಾಡಿದ್ದರೆ ಅವಳಿಗೆ ಆ ದಿನ ಊಟ ರುಚಿಸುತ್ತಿತ್ತು.

ವಾರ ಕಳೆದು ಅವಳು ಬಸ್ಸು ಬದಲಿಸಲು ಚಿತ್ತಾಪುರದಲ್ಲಿ ಇಳಿದರೆ, ಅವನೇ ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಗ್ರೈಂಡರ್, ತಲೆ ಹುಬ್ಬು ಮೀಸೆ ಎಲ್ಲ ಕಲ್ಲಿನ ಪುಡಿ. ತನ್ನ ಹೆಸರನ್ನು ತಾನೇ ಉಜ್ಜಿ ಅಳಿಸುತ್ತಿದ್ದ. ಏಳು ಬೆಂಚು ಮುಗಿದಿದ್ದವು. ಕೆಲಸಗಾರರನ್ನು ಕಳಿಸಬಹುದಿತ್ತಲ್ಲ ಎಂದು ಅವಳು ಕೇಳಿದ್ದಕ್ಕೆ, ಕೆತ್ತಿಸಿದ ಆಸೆ ತನ್ನದು, ಅಳಿಸುವ ಕೆಲಸ ಅವರದ್ಯಾಕೆ ಎಂದ. ಅವಳು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದುಕೊಟ್ಟಳು. ಅವನು ಕುಡಿದು ಬಾಟಲಿ ತಿರುಗಿ ಕೊಡುವಾಗ ಒಂದು ಕ್ಷಣ ಕಣ್ಣೆತ್ತಿ ನೋಡಿದ. ಬೆಳ್ಳಗಾದ ಆ ರೆಪ್ಪೆಗಳ ನಡುವೆ ಕಣ್ಣು ಮಾತ್ರ ಕಪ್ಪಗೆ ಹೊಳೆಯುತ್ತಿತ್ತು. ಅವಳು ಹತ್ತಬೇಕಾದ ಬಸ್ಸು ಅಷ್ಟರಲ್ಲಿ ಹೋಯಿತು. ಅದಕ್ಕೆ ಅವಳೇನೂ ಮರುಗಲಿಲ್ಲ.

ಸದಸ್ಯನಾಗದಿದ್ದರೂ ಶರಣಕುಮಾರ ಕ್ಲಬ್ಬಿನ ಕೆಲಸಕ್ಕೆ ಬರತೊಡಗಿದ. ಐನಾಪುರದಲ್ಲಿ ಆರೋಗ್ಯ ತಪಾಸಣೆ ನಡೆದಾಗ ಮಂಚ ಹೊತ್ತ. ಸೇಡಂನಲ್ಲಿ ರಕ್ತ ಕೊಟ್ಟು, ಬಿಸ್ಕೀಟು ತಿಂದು, ಮತ್ತೆ ಕುರ್ಚಿ ಜೋಡಿಸಲು ನಿಂತ. ಭಂಕೂರದ ಮುದುಕಿ ಸುಂದರಬಾಯಿಗೆ ಕ್ಲಬ್ಬಿನವರು ಕಣ್ಣಿನ ಪೊರೆ ತೆಗೆಸಿದ ಮೇಲಂತೂ ಅವನ ಸುದ್ದಿ ದಿನಾ ಅವಳ ಕಿವಿಗೆ ಬೀಳತೊಡಗಿತು. ಹೀಗೆ ಆಪರೇಷನ್ನಿಗೆ ಕರೆತಂದ ಮುದುಕರ ಕಣ್ಣಿಗೆ ತಿಂಗಳು ಪೂರ್ತಿ ಹನಿ ಬೀಳುವಂತೆ ನೋಡಿಕೊಳ್ಳುವುದು ಕ್ಲಬ್ಬಿನವರ ಜವಾಬ್ದಾರಿ. ಸುಂದರಬಾಯಿಯ ಮಗ ಸೊಸೆ ಬೆಳಕು ಹರಿಯುವ ಮೊದಲೇ ತೊಗರಿ ಕೊಯ್ಲಿಗೆ ಹೋಗುತ್ತಿದ್ದರು. ಹಾಗಾಗಿ ಬೆಳಗಿನ ಹನಿ ಅವನ ಪಾಲು, ಸಂಜೆಯದು ಭಾಗ್ಯಜ್ಯೋತಿಯ ಪಾಲು.

ಮುಂಜಾನೆಯ ಡಾಕ್ಟರು ಸಂಜೆಯ ಡಾಕ್ಟರಮ್ಮನನ್ನು ವಿಚಾರಿಸುತ್ತಿದ್ದ ಎಂದು ಸುಂದರಬಾಯಿ ಕಣ್ಣಿನ ಹಸಿರು ಪಟ್ಟಿಯ ಕೆಳಗಿಂದಲೇ ನಗುತ್ತಿದ್ದಳು. ಏನು ವಿಚಾರಿಸಿದ ಎಂದು ಕೇಳಲು ಭಾಗ್ಯಜ್ಯೋತಿಗೆ ಬಾಯಿ ಬರಲಿಲ್ಲ. ಮುದುಕಿ ಬಿಡುವವಳೇ? ಒಂದು ಕಣ್ಣು ಮುಚ್ಚಿದಾಗಲೂ ತನಗೆ ಕಂಡದ್ದು, ಎರಡೂ ಕಣ್ಣು ತೆರೆದ ನಿಮಗಿಬ್ಬರಿಗೆ ಕಾಣುವುದಿಲ್ಲವಲ್ಲ ಎಂದು ಛೇಡಿಸಿದಳು. ಹತ್ತನೆಯ ದಿನದಿಂದ ಮುಂಜಾನೆಯ ಡಾಕ್ಟರು ಸಂಜೆಯೂ ಬರತೊಡಗಿದ. ಭಾಗ್ಯಜ್ಯೋತಿ ಹನಿ ಹಾಕುವಾಗ ಮುದುಕಿಯ ತಲೆ ಹಿಡಿದುಕೊಳ್ಳುತ್ತಿದ್ದ. ಸುಂದರಬಾಯಿ ಕಣ್ಣು ಮುಚ್ಚಿ ಮಲಗಿರಬೇಕಾದ ಆ ಐದು ನಿಮಿಷ ಇಬ್ಬರೂ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ತಿಂಗಳ ಕೊನೆಗೆ ಅವಳಿಗೆ ಅದರ ಹಬ್ಬಹುಣ್ಣಿಮೆಗಳೆಲ್ಲ ಬಾಯಿಪಾಠವಾಗಿದ್ದವು.

ಹನಿ ಮುಗಿದ ಸಂಜೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವನು, ಮೆಂಬರ್ ಆದ ದಿನ ನಿಮಗೊಂದು ಮಾತು ಕೇಳುವುದಿದೆ ಎಂದ. ಈಗಲೇ ಕೇಳಬಾರದೇ ಎಂದಳು ಇವಳು, ಸೆರಗಿನ ಅಂಚು ಬೆರಳಿಗೆ ಸುತ್ತುತ್ತ.

"ನೀವು ಎದ್ದು ನಿಂತು ಬ್ಯಾಡ ಅಂದ ಮನಷ್ಯಾ ನಾ," ಅಂದ ಶರಣಕುಮಾರ. "ನೀವೇ ಹೌದು ಅಂತ ಸಹಿ ಮಾಡ್ರಿ. ಆಮ್ಯಾಲ ತಲಿ ಎತ್ತಿ ಕೇಳ್ತೀನಿ."

ಅವನ ಬೈಕು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ತನ್ನ ಉತ್ತರವೂ ಗೊತ್ತಿತ್ತು. ಇಷ್ಟು ಸ್ವಾಭಿಮಾನದ ಗಂಡು ತನ್ನನ್ನು ಕೇಳಲಿದ್ದಾನೆಂದು ಅವಳ ಎದೆ ಹಿಗ್ಗಿತು.

ತಕರಾರು ಎತ್ತಿದವರೇ ಮರುವರ್ಷ ಅದೇ ಹೆಸರಿಗೆ ಪ್ರಸ್ತಾಪಕರಾಗಿ ಸಹಿ ಮಾಡುವುದು ಕ್ಲಬ್ಬಿನ ವಾಡಿಕೆ. ಅವರು ಮಾಡದಿದ್ದರೆ ತಕರಾರು ಇನ್ನೂ ಉಳಿದಿದೆ ಎಂದೇ ಅರ್ಥ. ವರ್ಷ ತುಂಬಿತು. ಸಭೆಯ ಹಿಂದಿನ ದಿನ, ಶನಿವಾರ, ಅವಳು ಅವನ ಅರ್ಜಿಯನ್ನು ಮುಂದಿಟ್ಟುಕೊಂಡು ಕೂತಳು. ಪೆನ್ನಿನ ಮುಚ್ಚಳ ತೆಗೆದಳು. ಸಹಿಯ ಜಾಗದ ಮೇಲೆ ಸಣ್ಣ ಅಕ್ಷರದಲ್ಲಿ ಒಂಬತ್ತನೇ ನಿಯಮವಿತ್ತು: ಪ್ರಸ್ತಾಪಕರು ಅರ್ಜಿದಾರರ ಬಂಧುವಾಗಿರಬಾರದು, ಬಂಧುವಾಗಲಿರುವವರೂ ಆಗಿರಬಾರದು. ಹಿಂದೊಮ್ಮೆ ಯಾರೋ ತಮ್ಮ ಮೂವರು ಭಾವಮೈದುನರನ್ನು ಸಾಲಾಗಿ ತಂದು ಕೂರಿಸಿದ್ದರಿಂದ ಹುಟ್ಟಿದ ನಿಯಮ. ಅದನ್ನು ಟೈಪ್ ಮಾಡಿದವಳು ಸ್ವತಃ ಭಾಗ್ಯಜ್ಯೋತಿ.

ಅವಳು ಮುಚ್ಚಳ ಹಾಕಿದಳು, ಮತ್ತೆ ತೆಗೆದಳು. ಸಹಿ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ? ಅವನಿನ್ನೂ ಕೇಳಿಯೇ ಇಲ್ಲ, ತಾನಿನ್ನೂ ಹೂಂ ಎಂದಿಲ್ಲ. ಆದರೆ ಹತ್ತು ಬೆಂಚಿನ ಹೆಸರು ಅಳಿಸಿದವನ ಕಾಗದದ ಮೇಲೆ ತಾನು ಸುಳ್ಳು ಬರೆಯುವುದೇ? ಸಹಿ ಮಾಡದಿದ್ದರೆ ಅವನು ಎರಡನೇ ಸಲ ಮಂದಿಯ ಮುಂದೆ ತಲೆ ತಗ್ಗಿಸಿ ಹೋಗುತ್ತಾನೆ, ಆ ಮಾತು ಇನ್ನೆಂದೂ ಕೇಳುವುದಿಲ್ಲ. ಫೋನ್ ಮಾಡಿ ಎಲ್ಲ ಹೇಳೋಣವೆಂದು ಎರಡು ಸಲ ನಂಬರ್ ತೆಗೆದಳು. ಕೇಳದ ಪ್ರಶ್ನೆಗೆ ಹೆಣ್ಣು ತಾನಾಗಿ ಉತ್ತರ ಕೊಡುವುದು ಹೇಗೆಂದು ನಾಚಿ ಫೋನ್ ಇಟ್ಟಳು.

ಭಾನುವಾರ ಹತ್ತಕ್ಕೆ ಶರಣಕುಮಾರ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಅದೇ ಕುರ್ಚಿಯಲ್ಲಿ ಕೂತಿದ್ದ. ಅವಳು ಒಳಬಂದಾಗ ತುಟಿಯಂಚಲ್ಲಿ ನಕ್ಕ. ಅಧ್ಯಕ್ಷ ಅಂಬಾರಾಯರು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಯಾವ ಸಭೆಯೂ ಅವರ ಕೈಯಲ್ಲಿ ಒಂದು ನಿಮಿಷ ತಡವಾಗಿದ್ದಿಲ್ಲ. ಅವರು ಅರ್ಜಿ ಓದಿ, ಪೆನ್ನನ್ನು ಭಾಗ್ಯಜ್ಯೋತಿಯತ್ತ ಚಾಚಿದರು.

ಅವಳು ಎದ್ದು ನಿಂತಳು. "ನಾ ಸಹಿ ಮಾಡಂಗಿಲ್ಲರಿ."

ಪಕ್ಕದಲ್ಲಿದ್ದ ಹಿರಿಯ ಸದಸ್ಯೆ ಚಾಂದಬೀ, ಏನು ಹಟ ಇದು ಎಂದು ಮೆಲ್ಲಗೆ ಅವಳ ಸೆರಗು ಎಳೆದರು. ಶರಣಕುಮಾರನ ನಗು ಮಾಯವಾಗಿತ್ತು. ಅವನು ಕುರ್ಚಿಯ ಕೈ ಹಿಡಿದು ಏಳಲು ಹೊರಟ. ಭಾಗ್ಯಜ್ಯೋತಿ ಅದನ್ನು ಕಂಡಳು. ಈಗ ಹೇಳದಿದ್ದರೆ ಅವನು ಬಾಗಿಲು ದಾಟುತ್ತಾನೆ.

ತಕರಾರು ಇನ್ನೂ ಇದೆಯೇ ಎಂದು ಅಂಬಾರಾಯರು ಕೇಳಿದರು.

"ಇಲ್ಲರಿ. ಇವರು ಬಂದ್ರ ನಮ್ಮ ಕ್ಲಬ್ಬಿಗೇ ಮರ್ಯಾದಿ. ಹಂಗಂತ ಬೇಕಾದ್ರ ಹತ್ತು ಕಡೆ ಬರಕೊಡ್ತೀನಿ. ಆದರ ಒಂಬತ್ತನೇ ರೂಲು ಓದ್ರಿ."

ಅಂಬಾರಾಯರು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. "ಇವರು ನಿನಗ ಸಂಬಂಧಿಕರೇನವ್ವಾ?"

"ಇನ್ನೂ ಆಗಿಲ್ಲರಿ." ಅವಳು ಅಧ್ಯಕ್ಷರನ್ನು ಬಿಟ್ಟು ಅವನ ಮುಖ ನೋಡಿದಳು. "ಅವರು ನನಗ ಒಂದು ಮಾತು ಕೇಳೋರದಾರ. ಕೇಳಿದ್ರ ನಾ ಹೌದು ಅನ್ನಾಕಿ. ಅದು ಗೊತ್ತಿದ್ದೂ ಸಹಿ ಮಾಡಿದ್ರ ಸುಳ್ಳ ಆಗ್ತದ."

ಶರಣಕುಮಾರ ಅರ್ಧ ಎದ್ದವನು ಹಾಗೆಯೇ ನಿಂತ. ಈ ಸಲ ಕಿವಿಯ ತುದಿಯಿಂದ ಕುತ್ತಿಗೆಯವರೆಗೂ ಕೆಂಪಾದ. ಮೊದಲು ನಕ್ಕವರು ಚಾಂದಬೀ. ಮೂವತ್ತು ವರ್ಷದಲ್ಲಿ ಇಂಥ ತಕರಾರು ಕೇಳಿರಲಿಲ್ಲ ಎಂದು, ಅಧ್ಯಕ್ಷರ ಕೈಯಿಂದ ಪೆನ್ನು ಕಸಿದುಕೊಂಡು ತಾವೇ ಪ್ರಸ್ತಾಪಕರ ಜಾಗದಲ್ಲಿ ಸಹಿ ಜಡಿದರು. ಹಾಲ್ ತುಂಬ ಚಪ್ಪಾಳೆ ಬಿತ್ತು. ಅಂಬಾರಾಯರು ಅವನ ಎದೆಗೆ ಕ್ಲಬ್ಬಿನ ಬ್ಯಾಡ್ಜು ಸಿಕ್ಕಿಸಿ, ಹೊಸ ಸದಸ್ಯರು ಎರಡು ಮಾತಾಡಬೇಕು ಎಂದರು.

ಅವನು ಗಂಟಲು ಸರಿಮಾಡಿಕೊಂಡ. ಸಭೆಯ ಕಡೆ ತಿರುಗಲೇ ಇಲ್ಲ.

"ಜವಾಬು ಮೊದಲೇ ಬಂದದ. ಆದ್ರೂ ಕೇಳೋದು ನನ್ನ ಕೆಲಸ," ಅಂದ. "ಜ್ಯೋತಿ ಅವರೇ, ನನ್ನ ಕೂಡ ಲಗ್ನ ಆಗ್ತೀರೇನ್ರಿ?"

"ಆಗ್ತೀನ್ರಿ," ಅಂದಳು ಅವಳು, ಕೊನೆಯ ಸಾಲಿನವರಿಗೂ ಕೇಳುವ ಹಾಗೆ.

ಆಮೇಲೆ ಕೂತು ನಡಾವಳಿ ಪುಸ್ತಕ ತೆರೆದಳು. ಕಾರ್ಯದರ್ಶಿಯ ಕೆಲಸ ಕಾರ್ಯದರ್ಶಿಯೇ ಮಾಡಬೇಕಲ್ಲ. ಅವನು ಬಂದು ಮೊದಲ ಬಾರಿಗೆ ಸದಸ್ಯರ ಸಾಲಿನಲ್ಲಿ, ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ತನ್ನ ಜೀವಮಾನದ ಅತ್ಯಂತ ಚೆಂದದ ಅಕ್ಷರದಲ್ಲಿ ಅವಳು ಬರೆದಳು: ಕಾರ್ಯದರ್ಶಿಯವರು ಪ್ರಸ್ತಾಪಕ್ಕೆ ಸಹಿ ಮಾಡಲು ನಿರಾಕರಿಸಿದರು. ಕಾರಣ: ಲಗ್ನ.