ಮಾಚಿಯ ಸುತ್ತಲಿನ ಮಂಜಿನ ಗೋಡೆ

ಬಹಳ ಕಾಲದ ಹಿಂದೆ, ಬೆಟ್ಟಗಳಾಚೆ ಹೊಳಲಾವತಿ ಎಂಬ ರಾಜ್ಯವಿತ್ತು. ಅಲ್ಲಿಗೆ ಮಬ್ಬಯ್ಯನೆಂಬ ಮಾಂತ್ರಿಕ ಬಂದ. ಯಾರ ಎದೆಯಲ್ಲಿ ದಿಗಿಲೋ ದುಃಖವೋ ಇದೆಯೋ ಅವರ ಸುತ್ತ ಮಂಜಿನ ಗೋಡೆ ಕಟ್ಟಿದ. ಒಳಗಿದ್ದವರಿಗೆ ಇನ್ನೊಬ್ಬರು ಕಾಣರು. ನೋವು ಮುಚ್ಚಿಟ್ಟಷ್ಟೂ ಗೋಡೆ ಹತ್ತಿರ ಬರುತ್ತಿತ್ತು. ಮೈಗೆ ತಾಗಿತೋ, ಆ ಜೀವ ಕಲ್ಲು.

ಬುಟ್ಟಿ ಹೆಣೆಯುವ ಮಾಚಿಯ ಸುತ್ತಲೂ ಗೋಡೆ ಎದ್ದಿತ್ತು. ಯಾಕೆ ಹೀಗೆ ಅಂದರೆ, ಪಾಪ, ಅವಳಿಗೇ ಗೊತ್ತಿಲ್ಲ. ಬೆಳಗಾದರೆ ಎದೆ ಢವಗುಟ್ಟುತ್ತಿತ್ತು, ಬಿದಿರು ಸೀಳಲು ಕೈ ಏಳುತ್ತಿರಲಿಲ್ಲ.

ಆಚೆಯಿಂದ ಅತ್ತಿಗೆ ಕೇಳಿದಳು, "ಊಟ ಆಯ್ತೇನೇ?"

"ಆಯ್ತು ಅತ್ತಿಗೆ." ಒಲೆಯನ್ನೇ ಹಚ್ಚಿರಲಿಲ್ಲ. ಗೋಡೆ ಹತ್ತಿರ ಬಂತು.

ಆಚೆಯಿಂದ ರಾಜವೈದ್ಯ ಕೇಳಿದ, "ನಿದ್ದೆ ಬರುತ್ತೇನಮ್ಮ?"

"ಬರುತ್ತೆ ಸ್ವಾಮಿ." ಗೋಡೆ ಇನ್ನೂ ಹತ್ತಿರ ಬಂತು. ಈಗ ಕೈ ಚಾಚಲೂ ಜಾಗವಿಲ್ಲ.

ಮೂರನೆಯ ಸಲ ಯಾರೂ ಕೇಳಲಿಲ್ಲ. ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. ಆಗ ಮಗ್ಗುಲಲ್ಲಿ ಯಾರೋ ನರಳಿದ್ದು ಕೇಳಿಸಿತು. ಅದು ಮಡಕೆ ಮಾಡುವ ಈರಜ್ಜ, ಅವನೂ ಒಂದು ಗೋಡೆಯೊಳಗಿದ್ದ.

"ಅಜ್ಜಾ, ಊಟ ಆಯ್ತಾ?"

"ಆಯ್ತವ್ವ."

ಆ 'ಆಯ್ತು' ಎಂಥದ್ದೆಂದು ಮಾಚಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ತಾನೇ ಹೇಳುವ ಮಾತು. "ನಂದು ಆಗಿಲ್ಲ ಅಜ್ಜ," ಅಂದಳು. "ಸಾಕಾಗಿ ಹೋಗಿದೆ. ಭಯ ಆಗುತ್ತೆ."

ಆಚೆ ಅಜ್ಜ ಗೋಡೆಯತ್ತ ಸರಿದು ಕೂತ ಸದ್ದಾಯಿತು.

"ನಂದೂ ಇಲ್ಲ ಕಣವ್ವ. ಒಲೆ ಮುಂದೆ ಹೋಗ್ತೀನಿ, ಸುಮ್ನೆ ಕೂತ್ಬಿಡ್ತೀನಿ. ನನಗೊಬ್ಬನಿಗೇ ಹಿಂಗೆ ಅಂದ್ಕೊಂಡಿದ್ದೆ."

ಗೋಡೆಯಲ್ಲಿ ತೂತು ಬಿತ್ತು. ಅದರಿಂದ ಒಂದು ಮುದಿ ಕೈ ಈಚೆ ಬಂತು. ಮಾಚಿ ಹಿಡಿದುಕೊಂಡಳು.

ಮಬ್ಬಯ್ಯ ಎರಡು ತಲೆಯ ಹುಲಿಯೇರಿ ಬಂದ. "ಹುಚ್ಚಿ, ಅವನ ದುಃಖವೇ ಅವನಿಗೆ ಹೆಚ್ಚಾಗಿದೆ. ನೀನೂ ಒಂದು ಹೊರೆ."

ಮಾಚಿಯೂ ಹಾಗೇ ನಂಬಿದ್ದಳು. ಆದರೂ ಕೇಳಿಯೇಬಿಟ್ಟಳು, "ಅಜ್ಜಾ, ನಾನು ನಿಂಗೆ ಹೊರೆಯಾ?"

"ಹೊರೆ ಗಿರೆ ಏನಿಲ್ಲ. ಕೈ ಬಿಡಬೇಡ, ಅಷ್ಟೇ."

ಎರಡು ಗೋಡೆಗಳೂ ಕರಗಿದವು. ಹುಲಿ ಬೆಕ್ಕಾಗಿ ಓಡಿತು. ಅಜ್ಜ, ಮಾಚಿ ಕಾಲೆಳೆಯುತ್ತ ಬೀದಿ ಬೀದಿ ನಡೆದರು. ಗೋಡೆ ಕಂಡಲ್ಲೆಲ್ಲ ನಿಂತು, ಮೊದಲು ತಮ್ಮ ಕಷ್ಟ ಹೇಳಿಕೊಂಡರು. ಒಂದೊಂದು ಗೋಡೆ ಕರಗಿದಾಗಲೂ ಮಬ್ಬಯ್ಯ ಕುಗ್ಗಿದ, ಕಡೆಗೆ ಹೊಗೆಯಾಗಿ ಹೋದ. ಕಲ್ಲಾದವರಿಗೂ ಜೀವ ಬಂತು.

ಹೊಳಲಾವತಿಯ ಜನ ಸುಖವಾಗಿ ಬಾಳಿದರು. ಹಾಗಂತ ಮಾಚಿಯ ದಿಗಿಲು ಪೂರಾ ಹೋಯಿತೆಂದು ನಾನು ಹೇಳಲಾರೆ. ಕೆಲವು ದಿನ ಚಾಪೆಯಿಂದ ಏಳಲಾಗುತ್ತಿರಲಿಲ್ಲ. ಅಂಥ ದಿನ ಈರಜ್ಜ ಗಂಜಿ ತರುತ್ತಿದ್ದ. ಏಳು ಅನ್ನುತ್ತಿರಲಿಲ್ಲ. ಚಾಪೆಯ ಪಕ್ಕ ಕೂತು ತಾನೂ ಅಲ್ಲೇ ಉಣ್ಣುತ್ತಿದ್ದ.